ಕ್ರಾಬಿಗೆ ಹೊರಟ ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯಲ್ಲಿ, ಕೋಲದಲ್ಲಿ, ಆಟದ ಗದ್ದೆಯಲ್ಲಿ ಎಲ್ಲಿ ಸಿಕ್ಕಿದ್ರೂ ಈಗ ಒಬ್ಬರಾದ್ರೂ ಥಾಯ್ಲೆಂಡಿನ ಕ್ರಾಬಿ ಬಗ್ಗೆ ಕೇಳ್ತಾರೆ. ಒಬ್ಬೊಬ್ಬರಿಗೆ ವಾಯ್ಸ್ ಮೆಸೇಜ್ ಕಳಿಸುದು ಬೇಜಾರು, ಹಾಗಾಗಿ ಎಲ್ಲ ಒಟ್ಟಿಗೆ ಬರ್ದು ಹಾಕಿದ್ದೇನೆ. ಏಜೆಂಟಿನವರು ಹೇಳುವ ವಿಷಯ ಇದರಲ್ಲಿ ಕಮ್ಮಿ, ಮಳೆ ಮತ್ತು ಸಮುದ್ರದ ಭರತ ಇಳಿತದ ವಿಷಯ ಜಾಸ್ತಿ. ಅಲ್ಲಿ ಟ್ರಿಪ್ ಚಂದ ಆಗುದು ಹಾಳಾಗುದು ಅದರಿಂದಲೇ, ಹೋಟೆಲ್ ಸ್ಟಾರಿನಿಂದ ಅಲ್ಲ.

ಕ್ರಾಬಿ ಅಂದ್ರೆ ಎಲ್ಲಿ? ಫುಕೆಟೇ ಅಲ್ವಾ ಅದು?

ಅಲ್ಲ. ಎರಡೂ ದಕ್ಷಿಣ ಥಾಯ್ಲೆಂಡಿನಲ್ಲಿ, ಅಂಡಮಾನ್ ಸಮುದ್ರದ ಬದಿಯಲ್ಲಿ ಇರುದು, ಆದ್ರೆ ಬೇರೆ ಬೇರೆ ಪ್ರಾಂತ್ಯ. ನಡುವೆ ಫಾಂಗ್ ಙಾ ಕೊಲ್ಲಿ, ರಸ್ತೆಯಲ್ಲಿ ಸುತ್ತಿ ಹೋದ್ರೆ ಎರಡೂವರೆ ಮೂರು ಗಂಟೆ. ನಮ್ಮ ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯಪುರಂ) ಆ ಸಮುದ್ರದ ಪಡುಬದಿ, ಕ್ರಾಬಿ ಮೂಡುಬದಿ ಅಂತ ನೆನಪಿಟ್ಕೊಳ್ಳಿ. ಕ್ರಾಬಿ ಟೌನ್ ಒಂದು ಹೊಳೆ ಕರೆಯ ಸಣ್ಣ ಪೇಟೆ, ಬೀಚ್ ಅಲ್ಲಿ ಇಲ್ಲ. ಟೂರಿಸ್ಟುಗಳು ಇರುದು ಆವ್ ನಾಂಗ್ ಅನ್ನುವ ಜಾಗದಲ್ಲಿ, ಟೌನಿನಿಂದ ಸುಮಾರು 20 ಕಿಲೋಮೀಟರ್. ಫೋಟೋದಲ್ಲಿ ಕಾಣುವ ಆ ಕಡಿದಾದ ಬಂಡೆ, ಬಿಳಿ ಹೊಯ್ಗೆ ಎಲ್ಲ ರಾಯ್ಲೇ ಮತ್ತೆ ಸುತ್ತಮುತ್ತಲಿನ ದ್ವೀಪಗಳು. ಫೀ ಫೀ ದ್ವೀಪ ಕೂಡ ಕ್ರಾಬಿಗೆ ಸೇರಿದ್ದು, ಫುಕೆಟಿನವರು ತಮ್ಮದು ಅಂತ ಮಾರುದು ಅಷ್ಟೆ.

ನಮ್ಮ ಬೇಕಲ ಇರುವಾಗ ಅಲ್ಲಿಗೆ ಹೋಗುದು ಯಾಕೆ?

ಇದು ಮಾವಂದಿರ ಪ್ರಶ್ನೆ, ನ್ಯಾಯದ ಪ್ರಶ್ನೆಯೇ. ಸೂರ್ಯಾಸ್ತ ನೋಡ್ಲಿಕ್ಕೆ ಮಾತ್ರ ಆದ್ರೆ ಹೋಗ್ಬೇಡಿ ಮಾವ, ಬೇಕಲದ ಕೋಟೆ ಮೇಲೆ ನಿಂತ್ರೆ ಸಾಕು, ಕಣ್ವತೀರ್ಥಕ್ಕೆ ಹೋದ್ರೂ ಸಾಕು. ಆದ್ರೆ ನಮ್ಮ ಕರಾವಳಿಯಲ್ಲಿ ಎರಡು ಇಲ್ಲ. ಒಂದು, ಸಮುದ್ರದ ಒಳಗಿಂದ್ಲೇ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಗೋಡೆ. ನಮ್ಮಲ್ಲಿ ಕಾಪಿಲಿನಂತಲ್ಲಿ ಕಡಲ ಕರೆಯಲ್ಲಿ ದಿಣ್ಣೆ ಉಂಟು, ಆದ್ರೆ ಅದು ಮುರಕಲ್ಲು, ಎತ್ತರವೂ ಕಮ್ಮಿ. ಇನ್ನೊಂದು, ದಡದಿಂದ ಈಜಿ ಮುಟ್ಟುವಷ್ಟು ಹತ್ರ ಹವಳದ ದಿಬ್ಬ. ನಮ್ಮ ಸಮುದ್ರದ ನೀರು ವರ್ಷದ ಹೆಚ್ಚಿನ ಭಾಗ ಕಲಕಿಯೇ ಇರ್ತದೆ, ಹೊಳೆಗಳು ಮಣ್ಣು ತಂದು ಹಾಕ್ತವೆ, ಹವಳ ಬೆಳಿಬೇಕಾದ್ರೆ ಬಿಸಿಲು ಕೆಳಗೆ ಇಳಿಯುವ ತಿಳಿ ನೀರು ಬೇಕು. ಈ ಎರಡು ನಿಮಗೆ ಬೇಡ ಅಂತಾದ್ರೆ ದುಡ್ಡು ಉಳಿಸಿ.

ಯಾವಾಗ ಹೋಗುದು? ಓಣಂ ರಜೆಯಲ್ಲಿ ಆಗ್ತದಾ?

ದಯವಿಟ್ಟು ಓಣಂ ರಜೆಯಲ್ಲಿ ಬೇಡ. ನಮ್ಮ ಮಕ್ಕಳ ಶಾಲೆ ಕೇರಳದ ಕ್ಯಾಲೆಂಡರಿನಲ್ಲಿ ನಡಿತದೆ, ರಜೆ ಸಿಗುದು ಆಗಸ್ಟ್ ಸೆಪ್ಟೆಂಬರಿನ ಓಣಂಗೆ, ಕ್ರಿಸ್ಮಸಿಗೆ, ಮತ್ತೆ ಏಪ್ರಿಲ್ ಮೇಯಲ್ಲಿ. ಇದರಲ್ಲಿ ಓಣಂ ಅಂದ್ರೆ ಕ್ರಾಬಿಗೆ ಅತೀ ಕೆಟ್ಟ ಸಮಯ. ಅಲ್ಲಿಗೂ ಬರುದು ಇದೇ ನೈರುತ್ಯ ಮಾನ್ಸೂನ್, ಮೇ ನಡುವಿನಿಂದ ಅಕ್ಟೋಬರ್ ವರೆಗೆ. ಆದ್ರೆ ನಮ್ಮಲ್ಲಿ ಜೂನ್ ಜುಲೈಯಲ್ಲಿ ಹೊಡೆದು ಆಮೇಲೆ ಸ್ವಲ್ಪ ಕಮ್ಮಿ ಆಗ್ತದಲ್ಲ, ಅಲ್ಲಿ ಹಾಗಲ್ಲ, ಜೋರು ಮಳೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಇಲ್ಲಿ ಮಳೆ ಬಿಟ್ಟಿದೆ ಅಲ್ಲಿಯೂ ಬಿಟ್ಟಿರ್ಬಹುದು ಅಂತ ಲೆಕ್ಕ ಹಾಕಿ ಟಿಕೆಟ್ ಮಾಡಿದ್ರೆ ಹೋಟೆಲಿನ ಬಾಲ್ಕನಿಯಲ್ಲಿ ಕೂತು ಮಳೆ ನೋಡ್ಬೇಕಾಗ್ತದೆ, ಅದಕ್ಕೆ ಅಷ್ಟು ದೂರ ಯಾಕೆ, ಬದಿಯಡ್ಕದಲ್ಲೇ ಕೂರ್ಬಹುದು. ಮತ್ತೆ ಎಲ್ಲರೂ ಕೇಳುವ, ಫೀ ಫೀ ದ್ವೀಪಗಳಲ್ಲಿರುವ ಮಾಯಾ ಬೇ ಅನ್ನುವ ಕೊಲ್ಲಿ ಪ್ರತಿ ವರ್ಷ ಆಗಸ್ಟ್ 1ರಿಂದ ಸೆಪ್ಟೆಂಬರ್ 30ರ ತನಕ ಬಂದ್. ಓಣಂ ಹೆಚ್ಚುಕಮ್ಮಿ ಯಾವಾಗ್ಲೂ ಅದರ ಒಳಗೇ ಬೀಳ್ತದೆ. ಕೊ ಲಾಂಟಾ ಕಡೆಯ ದೂರದ ದ್ವೀಪಗಳ ನ್ಯಾಷನಲ್ ಪಾರ್ಕ್ ಅಂತೂ ಮೇ ನಡುವಿನಿಂದ ಅಕ್ಟೋಬರ್ ನಡುವಿನ ವರೆಗೆ ಬಾಗಿಲು ಹಾಕಿರ್ತದೆ.

ಮಳೆಗಿಂತ ದೊಡ್ಡದು ಅಲೆ. 2018ರ ಜುಲೈಯಲ್ಲಿ ಫುಕೆಟ್ ಹತ್ರ ಗಾಳಿಮಳೆಗೆ ಒಂದು ಟೂರಿಸ್ಟ್ ಬೋಟ್ ಮುಳುಗಿ 47 ಜನ ತೀರಿಕೊಂಡ್ರು. ಆ ತಿಂಗಳುಗಳಲ್ಲಿ ಬೋಟಿನವ ಇವತ್ತು ಹೋಗುದಿಲ್ಲ ಅಂತ ಹೇಳಿದ್ರೆ ಅವನ ಹತ್ರ ಚರ್ಚೆ ಬೇಡ. ನಮ್ಮಲ್ಲಿ ಟ್ರಾಲಿಂಗ್ ಬಂದ್ ಇರುವಾಗ ಯಾರೂ ಸಮುದ್ರಕ್ಕೆ ಹೋಗುವ ಪ್ಲಾನ್ ಹಾಕುದಿಲ್ಲ ಅಲ್ವಾ.

ನವೆಂಬರ್ ನಡುವಿನಿಂದ ಏಪ್ರಿಲ್ ವರೆಗೆ ಒಳ್ಳೆದು. ಕ್ರಿಸ್ಮಸ್ ರಜೆಗೆ ಹವೆ ಚಂದ, ರೇಟ್ ಮಾತ್ರ ಆಕಾಶಕ್ಕೆ, ಯುರೋಪಿನವರೆಲ್ಲ ಅದೇ ಸಮಯಕ್ಕೆ ಬರುದು. ಫೆಬ್ರವರಿ ಮಾರ್ಚಿನಲ್ಲಿ ನೀರು ತಿಳಿ, ಸಮುದ್ರ ಶಾಂತ, ಆದ್ರೆ ಅಡಿಕೆ ತೋಟದವರಿಗೆ ಕೊಯ್ಲು, ಸುಲಿಯುದು, ಒಣಗ್ಸುದು ಅಂತ ಆಗ ಮನೆ ಬಿಡ್ಲಿಕ್ಕೆ ಆಗುದಿಲ್ಲ. ಹಾಗಾಗಿ ಮಕ್ಕಳಿರುವ ತೋಟದ ಮನೆಯವರಿಗೆ ನನ್ನ ಓಟು ಏಪ್ರಿಲ್ ಮೊದಲ ವಾರಕ್ಕೆ. ಸೆಕೆ ಉಂಟು, ನಮ್ಮ ಊರಿನಷ್ಟೇ. ಏಪ್ರಿಲ್ 13ರಿಂದ 15 ಅವರ ಹೊಸ ವರ್ಷ ಸಾಂಗ್‌ಕ್ರಾನ್, ರಸ್ತೆಯಲ್ಲಿ ಎಲ್ಲರೂ ಎಲ್ಲರಿಗೂ ನೀರು ಎರಚ್ತಾರೆ, ನಮ್ಮ ವಿಷು ಕೂಡ ಅದೇ ದಿನಗಳಲ್ಲಿ. ಮನೆಯಲ್ಲಿ ಕಣಿ ಇಡ್ಲಿಕ್ಕೆ ಜನ ಬೇಕು ಅಂತಾದ್ರೆ ಅದಕ್ಕಿಂತ ಮೊದಲೇ ವಾಪಸ್ ಬನ್ನಿ.

ಇಲ್ಲಿಂದ ಹೇಗೆ ಹೋಗುದು? ಕಣ್ಣೂರು, ಮಂಗ್ಳೂರಿನಿಂದ ಫ್ಲೈಟ್ ಉಂಟಾ?

ಕೈಗೆಟುಕುವ ದೂರದಲ್ಲಿ ಎರಡು ಏರ್‌ಪೋರ್ಟ್ ಇದ್ದೂ ಥಾಯ್ಲೆಂಡಿಗೆ ಅವುಗಳ ಆಸೆ ಇಟ್ಕೊಳ್ಬೇಡಿ. ಬೆಂಗ್ಳೂರು ಅಥವಾ ಕೊಚ್ಚಿಗೆ ಹೋಗಿಯೇ ಹತ್ತುದು. ಕೊಚ್ಚಿಗೆ ಹಗಲು ರೈಲಿನಲ್ಲಿ ಆರಾಮ, ಬೆಂಗ್ಳೂರಿಗೆ ರಾತ್ರಿ ಬಸ್ಸು ಅಥವಾ ಕಣ್ಣೂರು ಬೆಂಗ್ಳೂರು ರೈಲು. ಅಲ್ಲಿಂದ ಬ್ಯಾಂಕಾಕಿಗೆ ಹೋಗಿ ಇನ್ನೊಂದು ಫ್ಲೈಟ್ ಹಿಡಿದ್ರೆ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಕ್ರಾಬಿ, ಇಲ್ಲಾಂದ್ರೆ ಫುಕೆಟಿಗೆ ಇಳಿದು ವ್ಯಾನಿನಲ್ಲಿ. ಬ್ಯಾಂಕಾಕಿನಲ್ಲಿ ಎರಡು ಏರ್‌ಪೋರ್ಟ್, ಸುವರ್ಣಭೂಮಿ ಮತ್ತು ಡಾನ್ ಮುಆಂಗ್. ಇಳಿಯುದು ಒಂದರಲ್ಲಿ ಹತ್ತುದು ಇನ್ನೊಂದರಲ್ಲಿ ಅಂತಾದ್ರೆ ನಡುವೆ ಬ್ಯಾಂಕಾಕಿನ ಟ್ರಾಫಿಕ್ ದಾಟ್ಬೇಕು. ಟಿಕೆಟ್ ನೂರಿನ್ನೂರು ಕಮ್ಮಿ ಅಂತ ಇದನ್ನು ನೋಡದೆ ಮಾಡ್ಬೇಡಿ.

ವೀಸಾ, ಕಾಗದಪತ್ರ?

2024ರ ಜುಲೈಯಲ್ಲಿ ಭಾರತದವರಿಗೆ ವೀಸಾ ಇಲ್ಲದೆ 60 ದಿನ ಇರ್ಲಿಕ್ಕೆ ಬಿಟ್ಟಿದ್ರು, ಆದ್ರೆ ಈ ನಿಯಮ ಅವರು ಬದಲಾಯಿಸ್ತಾ ಇರ್ತಾರೆ, ಹಾಗಾಗಿ ಟಿಕೆಟ್ ಮಾಡುವ ದಿನ ಥಾಯ್ ಎಂಬೆಸಿಯ ಸೈಟ್ ನೋಡಿಯೇ ಮಾಡಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಬಾಕಿ ಇರ್ಬೇಕು. 2025ರ ಮೇ 1ರಿಂದ ಆನ್‌ಲೈನಿನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬ್ಸುದು ಕಡ್ಡಾಯ, ಇಳಿಯುವ ಮುಂಚಿನ ಮೂರು ದಿನದೊಳಗೆ. ಅದು ಫ್ರೀ. ದುಡ್ಡು ಕೇಳುವ ಸೈಟ್ ಬಂದ್ರೆ ಅದು ಸರ್ಕಾರದ್ದಲ್ಲ, ಮುಚ್ಚಿ ಹೊರಗೆ ಬನ್ನಿ. ವಾಪಸ್ ಟಿಕೆಟ್, ಹೋಟೆಲ್ ಬುಕ್ಕಿಂಗ್ ಪ್ರಿಂಟ್ ತೆಗೆದು ಇಟ್ಕೊಳ್ಳಿ, ಫೋನ್ ಚಾರ್ಜ್ ಮುಗಿಯುದು ಸರಿಯಾಗಿ ಇಮಿಗ್ರೇಷನ್ ಕೌಂಟರಿನ ಎದುರೇ.

ಉಳಿಯುದು ಎಲ್ಲಿ?

ಸಸ್ಯಾಹಾರಿಗಳು, ವಯಸ್ಸಾದವರು, ಸಣ್ಣ ಮಕ್ಕಳು ಇದ್ರೆ ಆವ್ ನಾಂಗ್. ಗಂಡ ಹೆಂಡತಿ ಇಬ್ಬರೇ ಅಥವಾ ಫ್ರೆಂಡ್ಸ್ ಆದ್ರೆ ಒಂದೆರಡು ರಾತ್ರಿ ರಾಯ್ಲೇಯಲ್ಲಿ ಇರಿ, ಹಗಲು ಬಂದ ಟೂರಿಸ್ಟುಗಳು ಸಾಯಂಕಾಲ ಹೋದ ಮೇಲೆ ಅದು ಬೇರೆಯೇ ಊರು. ದುಡ್ಡು ಕಮ್ಮಿ ಅಂದ್ರೆ ಕ್ರಾಬಿ ಟೌನ್.

ರಾಯ್ಲೇಗೆ ರಸ್ತೆಯೇ ಇಲ್ವಂತೆ, ಅದು ದ್ವೀಪವಾ?

ದ್ವೀಪ ಅಲ್ಲ, ನೆಲಕ್ಕೆ ಅಂಟಿಕೊಂಡೇ ಉಂಟು, ಆದ್ರೆ ಹಿಂದೆ ಪೂರ್ತಿ ಬಂಡೆಗೋಡೆ, ರಸ್ತೆ ಕಡಿಲಿಕ್ಕೆ ಜಾಗ ಇಲ್ಲ. ಹಾಗಾಗಿ ದೋಣಿಯೇ ಗತಿ. ಆವ್ ನಾಂಗ್ ಬೀಚಿನಿಂದ ಲಾಂಗ್‌ಟೇಲ್ ದೋಣಿಯಲ್ಲಿ ಹದಿನೈದು ನಿಮಿಷ, ಒಬ್ಬರಿಗೆ 100 ಬಾತ್ ಆಸುಪಾಸು, ಕತ್ತಲೆ ಆದ ಮೇಲೆ ಜಾಸ್ತಿ. ಕೌಂಟರಿನಲ್ಲಿ ಚೀಟಿ ತೆಗೊಂಡು ಕೂತ್ರೆ ಏಳೆಂಟು ಜನ ಸೇರಿದ ಮೇಲೆ ಬಿಡ್ತಾರೆ, ನಮ್ಮ ಊರಿನ ಜೀಪ್ ಸರ್ವಿಸ್ ನೋಡಿದವರಿಗೆ ಇದು ಹೊಸತಲ್ಲ.

ಆ ದೋಣಿಯನ್ನು ಹತ್ರದಿಂದ ನೋಡ್ಬೇಕು. ಮರದ ದೋಣಿ, ಹಿಂದೆ ಕಾರಿನದ್ದೋ ಟ್ರಕ್ಕಿನದ್ದೋ ಹಳೆ ಇಂಜಿನನ್ನು ಬಿಚ್ಚಿ ತಂದು ಒಂದು ಕಂಬದ ಮೇಲೆ ತೂಗಿ ಇಟ್ಟಿರ್ತಾರೆ, ಅದರಿಂದ ಹಿಂದಕ್ಕೆ ಉದ್ದದ ಒಂದು ಕಬ್ಬಿಣದ ಸರಳು, ಅದರ ತುದಿಯಲ್ಲಿ ಫ್ಯಾನು. ದೋಣಿಯವ ಇಡೀ ಇಂಜಿನನ್ನೇ ಕೈಯಲ್ಲಿ ಹಿಡಿದು ಅತ್ತ ಇತ್ತ ತಿರುಗಿಸ್ತಾನೆ, ಆಳ ಕಮ್ಮಿ ಆದ್ರೆ ಸರಳನ್ನು ಎತ್ತಿ ಫ್ಯಾನು ಮೇಲೆ ಮಾಡ್ತಾನೆ, ಹಾಗಾಗಿಯೇ ಮೊಣಕಾಲು ನೀರಿಗೂ ಬರ್ಲಿಕ್ಕೆ ಆಗುದು. ಶಬ್ದಕ್ಕೆ ಕಿವಿ ಕೆಪ್ಪಾಗ್ತದೆ, ಹಿಂದಿನ ಸೀಟು ಬೇಡ. ಮುಂದಿನ ಮೂತಿಗೆ ಬಣ್ಣ ಬಣ್ಣದ ವಸ್ತ್ರ, ಹೂವಿನ ಮಾಲೆ ಕಟ್ಟಿರ್ತಾರೆ, ದೋಣಿಯ ಅಮ್ಮನವರು ಅಲ್ಲಿ ಇರುದು ಅಂತ ಅವರ ನಂಬಿಕೆ. ಫೋಟೋಕ್ಕೆ ಅಂತ ಅದರ ಮೇಲೆ ಕಾಲಿಟ್ಟು ನಿಲ್ಬೇಡಿ, ನಮ್ಮಲ್ಲಿ ಮೊಗೇರರ ದೋಣಿಯಲ್ಲಿ ಯಾರಾದ್ರೂ ಹಾಗೆ ಮಾಡಿದ್ರೆ ಬಿಡ್ತಾರಾ?

ಇಳಿಯುವಾಗ ತೊಡೆ ತನಕ ಒದ್ದೆ ಆಗ್ತದೆ, ಸೀರೆ, ಜೀನ್ಸ್ ಬೇಡ. ಟ್ರಾಲಿ ಸೂಟ್‌ಕೇಸ್ ತಲೆ ಮೇಲೆ ಹೊತ್ತು ಇಳಿಯುವವರನ್ನು ನೋಡ್ಲಿಕ್ಕೆ ತಮಾಷೆ, ನೀವೇ ಅದು ಆದ್ರೆ ಅಲ್ಲ.

ಭರತ ಇಳಿತ ನೋಡ್ಬೇಕು ಅಂತಾರಲ್ಲ, ಅಷ್ಟು ಮುಖ್ಯವಾ?

ತುಂಬಾ. ಯಾವ ಪ್ಯಾಕೇಜಿನವನೂ ಇದನ್ನು ಸರಿಯಾಗಿ ಹೇಳುದಿಲ್ಲ. ನಮ್ಮ ಕರೆಯಲ್ಲಿ ಭರತಕ್ಕೂ ಇಳಿತಕ್ಕೂ ಅಷ್ಟು ದೊಡ್ಡ ವ್ಯತ್ಯಾಸ ಕಾಣುದಿಲ್ಲ, ಅಳಿವೆ ಹತ್ರ ಇರುವವರಿಗೆ ಬಿಟ್ರೆ ಬೇರೆಯವರಿಗೆ ಗೊತ್ತೂ ಆಗುದಿಲ್ಲ. ಕ್ರಾಬಿಯಲ್ಲಿ ಅಮಾಸೆ ಹುಣ್ಣಿಮೆ ಹೊತ್ತಿಗೆ ನೀರು ಎರಡೂವರೆ ಮೂರು ಮೀಟರ್ ಏರಿ ಇಳಿತದೆ, ದಿನಕ್ಕೆ ಎರಡು ಸಲ. ಬೆಳಿಗ್ಗೆ ಹಸಿರು ನೀರು ತುಂಬಿದ್ದ ಬೀಚು ಮಧ್ಯಾಹ್ನ ನೋಡಿದ್ರೆ ಕೆಸರು, ಕಲ್ಲು, ಹೊಯ್ಗೆಯಲ್ಲಿ ಓರೆಯಾಗಿ ಮಲಗಿದ ದೋಣಿಗಳು. ರಾಯ್ಲೇಯ ಮೂಡುಬದಿಯಲ್ಲಿ ಕಾಂಡ್ಲ ಕಾಡು, ಇಳಿತದಲ್ಲಿ ಅಲ್ಲಿ ಬರೀ ಹೂಳು. ಪಡುಬದಿಯೇ ಈಜ್ಲಿಕ್ಕೆ ಆಗುದು, ನಡುವೆ ನಡೆದು ಹೋಗ್ಲಿಕ್ಕೆ ಹತ್ತು ನಿಮಿಷ ಸಾಕು. ಫ್ಲೈಟಿನಿಂದ ಇಳಿದು ಅದೇ ದಿನ ಆವ್ ನಾಂಗ್ ಬೀಚಿಗೆ ಓಡಿ, ಇಳಿತ ನೋಡಿ, ಇದೆಂತ ಮಾರಾಯ ಫೋಟೋದಲ್ಲಿ ಹೀಗೆ ಇರ್ಲಿಲ್ಲ ಅಂತ ಬೇಜಾರು ಮಾಡುವವರು ಸುಮಾರು ಜನ.

ಇಳಿತದಿಂದ ಲಾಭವೂ ಉಂಟು. ತಲೇ ವೇಕ್ ಅಂತ ಒಂದು ಜಾಗ, ಟುಪ್, ಮೋರ್, ಚಿಕನ್ ಐಲೆಂಡ್ ಈ ಮೂರು ದ್ವೀಪಗಳ ನಡುವೆ ಇಳಿತದಲ್ಲಿ ಹೊಯ್ಗೆಯ ದಾರಿ ಎದ್ದು ಬರ್ತದೆ, ಒಂದರಿಂದ ಇನ್ನೊಂದಕ್ಕೆ ನಡೆದು ಹೋಗ್ಬಹುದು. ಭರತದಲ್ಲಿ ಹೋದ್ರೆ ದಾರಿಯೇ ಇಲ್ಲ, ಮೂರು ಕಲ್ಲು ಗುಡ್ಡೆ ಮಾತ್ರ ಕಾಣುದು. ಹಾಂಗ್ ದ್ವೀಪದಲ್ಲಿ ಇದಕ್ಕೆ ಉಲ್ಟಾ, ಬಂಡೆಗಳ ನಡುವಿನ ಲಗೂನಿಗೆ ದೋಣಿ ನುಗ್ಗಬೇಕಾದ್ರೆ ನೀರು ಏರಿರ್ಬೇಕು. ಟೂರ್ ಬುಕ್ ಮಾಡುವ ಮೊದಲು ಕ್ರಾಬಿ ಟೈಡ್ ಟೇಬಲ್ ಅಂತ ಹುಡುಕಿ ಆ ದಿನದ ಸಮಯ ನೋಡಿ, ಆಮೇಲೆ ಬೆಳಗಿನ ಟೂರಾ ಮಧ್ಯಾಹ್ನದ್ದಾ ಅಂತ ತೀರ್ಮಾನ ಮಾಡಿ. ಮನೆಯಲ್ಲಿ ಪಂಚಾಂಗ ಇದ್ರೆ ಅಷ್ಟಮಿ ನವಮಿ ಹೊತ್ತಿಗೆ ಏರಿಳಿತ ಕಮ್ಮಿ ಅಂತ ಅಂದಾಜಿಗೆ ಸಿಗ್ತದೆ. ಅಜ್ಜನ ಕಾಲದ ಪಂಚಾಂಗ ಥಾಯ್ಲೆಂಡ್ ಟ್ರಿಪ್ಪಿಗೆ ಉಪಯೋಗಕ್ಕೆ ಬರ್ತದೆ ಅಂತ ಯಾರು ಎಣಿಸಿದ್ರು.

ಆ ಬಂಡೆಗಳು ಅಷ್ಟು ನೆಟ್ಟಗೆ ಹೇಗೆ ಆದದ್ದು?

ಅದು ಸುಣ್ಣಕಲ್ಲು. ಸುಮಾರು 25ರಿಂದ 30 ಕೋಟಿ ವರ್ಷ ಹಿಂದೆ ಅಲ್ಲಿ ಆಳ ಇಲ್ಲದ ಸಮುದ್ರ ಇತ್ತು, ಚಿಪ್ಪು, ಹವಳ ಎಲ್ಲ ಸತ್ತು ಅಡಿಯಲ್ಲಿ ಪದರ ಪದರ ಕೂತು ಗಟ್ಟಿಯಾಯ್ತು, ಆಮೇಲೆ ಭೂಮಿಯ ಚಲನೆಗೆ ಮೇಲೆದ್ದು ಬಿರುಕು ಬಿಟ್ಟಿತು. ಮಳೆ ನೀರಿನಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ತುಸು ಹುಳಿ ಇರ್ತದೆ, ಅದು ಬಿರುಕಿನ ಒಳಗೆ ಇಳಿದು ಕಲ್ಲನ್ನು ಕರಗಿಸ್ತಾ ಬಂತು, ಉಳಿದದ್ದು ಈ ಗೋಡೆಗಳು. ಕರಗಿದ ಸುಣ್ಣ ಪುನಃ ತೊಟ್ಟಿಕ್ಕಿ ಬಂಡೆ ಹೊರಗೆಲ್ಲ ಮೇಣದಬತ್ತಿ ಕರಗಿ ಇಳಿದ ಹಾಗೆ ನೇತಾಡ್ತದೆ. ನೀರಿನ ಮಟ್ಟದಲ್ಲಿ ಅಲೆ ಮತ್ತೆ ಸಣ್ಣ ಸಣ್ಣ ಜೀವಿಗಳು ಕಲ್ಲನ್ನು ಕೊರೆದು ಒಳಗೆ ಮಾಡಿರ್ತವೆ, ದೋಣಿ ಬಂಡೆ ಅಡಿಯಲ್ಲೇ ಹೋದ್ರೆ ತಲೆ ಮೇಲೆ ಸೂರು ಇದ್ದ ಹಾಗೆ. ನಮ್ಮ ಮುರಕಲ್ಲಿನ ಕತೆ ಪೂರ್ತಿ ಬೇರೆ, ಅದು ಇದ್ದ ಕಲ್ಲೇ ಬಿಸಿಲು ಮಳೆಗೆ ಹಾಳಾಗಿ, ಬೇರೆಲ್ಲ ತೊಳೆದು ಹೋಗಿ, ಕಬ್ಬಿಣ ಉಳಿದು ಕೆಂಪಾದದ್ದು.

ಬಂಡೆ ಹತ್ತುವವರಿಗೆ ರಾಯ್ಲೇ ಮತ್ತು ಪಕ್ಕದ ಟೋನ್‌ಸಾಯ್ ಲೋಕದಲ್ಲೇ ಹೆಸರಾದ ಜಾಗ, ನೂರಾರು ದಾರಿಗಳಲ್ಲಿ ಬೋಲ್ಟ್ ಹೊಡೆದಿಟ್ಟಿದ್ದಾರೆ. ಉಪ್ಪು ಗಾಳಿಗೆ ಸ್ಟೀಲ್ ಬೋಲ್ಟ್ ಕೂಡ ಒಳಗಿಂದ ತಿಂದು ಹೋಗ್ತದೆ ಅಂತ ಈಗ ಟೈಟೇನಿಯಮ್ ಹಾಕುದು. ಅರ್ಧ ದಿನದ ಬಿಗಿನರ್ ಕ್ಲಾಸ್ ಸಿಗ್ತದೆ, ಮಕ್ಕಳಿಗೂ ಆಗ್ತದೆ. ನಮ್ಮ ಹುಡುಗರು ತೆಂಗಿನ ಮರ ಹತ್ತುದರಲ್ಲಿ ನಿಸ್ಸೀಮರಾದ್ರೂ ಹಗ್ಗ ಇಲ್ಲದೆ ಹತ್ತುವ ಶೋಕಿ ಅಲ್ಲಿ ಬೇಡ.

ಫ್ರಾ ನಾಂಗ್ ಗುಹೆಯಲ್ಲಿ ಲಿಂಗ ಪೂಜೆ ಉಂಟಂತೆ?

ರಾಯ್ಲೇಯ ತೆಂಕು ತುದಿಯಲ್ಲಿ ಫ್ರಾ ನಾಂಗ್ ಬೀಚ್, ಅದರ ಕೊನೆಗೆ ಗುಹೆ. ಒಳಗೆ ಮರದ ಲಿಂಗಗಳ ರಾಶಿ, ಸಣ್ಣದರಿಂದ ಆಳೆತ್ತರದ್ದು ವರೆಗೆ, ಕೆಂಪು ಬಣ್ಣದ್ದೂ ಉಂಟು. ಹಡಗು ಮುಳುಗಿ ಸತ್ತ ಒಬ್ಬ ರಾಜಕುಮಾರಿಯ ಆತ್ಮ ಅಲ್ಲಿ ನೆಲೆ ನಿಂತಿದೆ, ಮೀನು ಹಿಡಿಯುವವರನ್ನು ಕಾಯ್ತಾಳೆ ಅಂತ ಕತೆ, ಹರಕೆ ತೀರಿದವರು ಇದನ್ನು ತಂದಿಡುದು. ಇದು ಶಿವಲಿಂಗ ಅಲ್ಲ, ಗಂಡಸಿನ ಅಂಗದ್ದೇ ಆಕಾರ, ಅತ್ತೆ ಮಾವನ ಜೊತೆ ಹೋಗುವವರು ಮೊದಲೇ ತಿಳ್ಕೊಂಡಿರಿ. ಪಾಶ್ಚಾತ್ಯರು ಅದನ್ನು ಹಿಡಿದು ನಕ್ಕೊಂಡು ಫೋಟೋ ತೆಗಿತಾರೆ. ಭೂತಸ್ಥಾನದ ಮೊಗ, ಕಡ್ಸಲೆ ನೋಡಿ ಬೆಳೆದ ನಾವು ಹಾಗೆ ಮಾಡಿದ್ರೆ ಶೋಭೆ ಅಲ್ಲ.

ಹವಳ ನೋಡ್ಲಿಕ್ಕೆ ಈಜು ಬರ್ಬೇಕಾ?

ಬಂದ್ರೆ ಒಳ್ಳೆದು, ಬಾರದಿದ್ರೂ ಲೈಫ್ ಜಾಕೆಟ್ ಹಾಕಿ ಮುಖ ನೀರಿಗೆ ಇಟ್ರೆ ಕಾಣ್ತದೆ. ಪೋಡಾ ದ್ವೀಪ, ಚಿಕನ್ ಐಲೆಂಡ್ ಹತ್ರ ದಡಕ್ಕೆ ತಾಗಿಯೇ ಹವಳ ಇರುದು. ಕೆರೆಯಲ್ಲಿ ಈಜಿ ಕಲ್ತವರಿಗೆ ಒಂದು ಕಷ್ಟ, ಮಾಸ್ಕಿನಲ್ಲಿ ಮೂಗು ಮುಚ್ಚಿ ಬಾಯಿಯಲ್ಲೇ ಉಸಿರು ತೆಗಿಬೇಕು, ಐದು ನಿಮಿಷ ಗಾಬರಿ ಆಗ್ತದೆ, ಅದನ್ನು ದಡದ ಹತ್ರ ಸೊಂಟ ನೀರಿನಲ್ಲಿ ನಿಂತು ಅಭ್ಯಾಸ ಮಾಡಿಯೇ ಮುಂದೆ ಹೋಗಿ. ಮಾಸ್ಕ್ ಒಳಗೆ ಮಂಜು ಹಿಡಿದ್ರೆ ಉಗುಳು ಉಜ್ಜಿ ತೊಳಿರಿ, ಅಸಹ್ಯ ಅಂತ ಕಂಡ್ರೂ ಅದೇ ಮದ್ದು. ಗಡ್ಡ ಮೀಸೆ ದಪ್ಪ ಇದ್ದವರಿಗೆ ನೀರು ಒಳಗೆ ಬರ್ತದೆ.

ಕಿವಿ ನೀರೊಳಗೆ ಹೋದ ಕೂಡ್ಲೆ ಕರಕರ ಅಂತ ಒಂದು ಶಬ್ದ ಕೇಳ್ತದೆ. ಗಿಳಿಮೀನು ಹವಳದ ಕಲ್ಲನ್ನು ಹಲ್ಲಿನಲ್ಲಿ ಕೆರೆದು ತಿನ್ನುವ ಶಬ್ದವೂ ಅದರಲ್ಲಿ ಸೇರಿರ್ತದೆ. ಪಾಚಿ ಅದಕ್ಕೆ ಆಹಾರ, ಕಲ್ಲು ಹೊಟ್ಟೆಯಲ್ಲಿ ಪುಡಿಯಾಗಿ ಹಿಂದಿನಿಂದ ಬಿಳಿ ಹೊಗೆಯ ಹಾಗೆ ಹೊರಗೆ ಬೀಳ್ತದೆ. ನೀವು ಕಾಲು ಚಾಚಿ ಕೂತ ಬಿಳಿ ಹೊಯ್ಗೆಯಲ್ಲಿ ಅದರದ್ದೂ ಒಂದು ಪಾಲು. ಕಪ್ಪು ಉದ್ದ ಮುಳ್ಳಿನ ಚೆಂಡಿನಂಥ ಕಡಲ ಜೀವಿ (ಸೀ ಅರ್ಚಿನ್) ಅಲ್ಲಲ್ಲಿ ಗುಂಪಾಗಿ ಇರ್ತದೆ, ತುಳಿದ್ರೆ ಮುಳ್ಳು ಒಳಗೇ ಮುರೀತದೆ, ಎಷ್ಟು ಸುಸ್ತಾದ್ರೂ ಕಾಲು ಕೆಳಗೆ ಇಡ್ಬೇಡಿ. ಹವಳದ ಮೇಲೂ ನಿಲ್ಬೇಡಿ, ಅದು ಕಲ್ಲಲ್ಲ, ಜೀವ.

ಹವಳ ಎಲ್ಲ ಸತ್ತು ಹೋಗಿದೆ ಅಂತಾರಲ್ಲ?

ಎಲ್ಲ ಅಲ್ಲ, ಆದ್ರೆ ಸುಮಾರು ಹೋಗಿದೆ, ಯೂಟ್ಯೂಬಿನ ಬಣ್ಣ ನಂಬಿ ಹೋಗ್ಬೇಡಿ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ಇರ್ತದೆ, ಬಣ್ಣವೂ ಹೆಚ್ಚಿನ ಊಟವೂ ಅದರಿಂದಲೇ. ನೀರು ಅತಿ ಬಿಸಿಯಾದ್ರೆ ಪಾಚಿ ಹೊರಗೆ ಹೋಗ್ತದೆ, ಹವಳ ಬಿಳಿಚಿಕೊಳ್ತದೆ, ಬೇಗ ತಂಪಾಗದಿದ್ರೆ ಸಾಯ್ತದೆ. 2010ರಲ್ಲಿ ಅಂಡಮಾನ್ ಸಮುದ್ರದಲ್ಲಿ ಇದು ಭಾರೀ ಪ್ರಮಾಣದಲ್ಲಿ ಆಯ್ತು, 2024ರಲ್ಲಿ ಲೋಕದ ಬೇರೆ ಕಡೆಗಳ ಜೊತೆ ಥಾಯ್ಲೆಂಡಿನಲ್ಲೂ ಪುನಃ ಆಯ್ತು. ಅದರ ಮೇಲೆ ಬೋಟಿನ ಆಂಕರು, ಜನರ ಕಾಲು, ಸನ್‌ಸ್ಕ್ರೀನ್.

ಸನ್‌ಸ್ಕ್ರೀನ್ ವಿಷಯ ಗಮನ ಕೊಡಿ. 2021ರ ಆಗಸ್ಟಿನಿಂದ ಅಲ್ಲಿನ ನ್ಯಾಷನಲ್ ಪಾರ್ಕುಗಳಲ್ಲಿ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಸೇರಿ ನಾಲ್ಕು ರಾಸಾಯನಿಕ ಇರುವ ಕ್ರೀಮ್ ನಿಷೇಧ, ದಂಡ ಒಂದು ಲಕ್ಷ ಬಾತ್ ತನಕ ಹಾಕ್ಬಹುದು. ಕಾಸರಗೋಡಿನ ಮೆಡಿಕಲಿನಲ್ಲಿ ಸಿಕ್ಕಿದ್ದನ್ನು ತೆಗೊಳ್ಳುವ ಮೊದಲು ಹಿಂದಿನ ಸಣ್ಣ ಅಕ್ಷರ ಓದಿ. ಅದಕ್ಕಿಂತ ಸುಲಭ, ಪೂರ್ತಿ ಕೈಯ ಈಜು ಬನಿಯನ್ ಹಾಕಿ, ಕ್ರೀಮ್ ಖರ್ಚು ಕಮ್ಮಿ, ಬೆನ್ನೂ ಸುಡುದಿಲ್ಲ. ಮೀನಿಗೆ ಬ್ರೆಡ್ ಹಾಕುದೂ ತಪ್ಪು, ದೋಣಿಯವನೇ ಕೊಟ್ರೂ ಬೇಡ ಅನ್ನಿ.

ಮಾಯಾ ಬೇ ನೋಡ್ಲೇಬೇಕಾ?

ನನ್ನ ಕೇಳಿದ್ರೆ ಇಲ್ಲ, ಆದ್ರೆ ನನ್ನ ಮಾತು ಯಾರೂ ಕೇಳುದಿಲ್ಲ. ಒಂದು ಹಾಲಿವುಡ್ ಸಿನಿಮಾ ಅಲ್ಲಿ ಶೂಟ್ ಆದ ಮೇಲೆ ದಿನಕ್ಕೆ ಸಾವಿರಾರು ಜನ ಬಂದು ಹವಳವೆಲ್ಲ ಹಾಳಾಗಿ 2018ರ ಜೂನಿನಲ್ಲಿ ಬಂದ್ ಮಾಡಿದ್ರು, ತೆರೆದದ್ದು 2022ರ ಜನವರಿಯಲ್ಲಿ. ಬಂದ್ ಇದ್ದಾಗ ಕಪ್ಪು ರೆಕ್ಕೆತುದಿಯ ಸಣ್ಣ ಶಾರ್ಕುಗಳು ವಾಪಸ್ ಬಂದವು. ಈಗ ಬೋಟ್ ಕೊಲ್ಲಿ ಒಳಗೆ ಹೋಗುದಿಲ್ಲ, ಹಿಂಬದಿಯಲ್ಲಿ ಇಳಿದು ನಡೆದು ಹೋಗ್ಬೇಕು, ಈಜ್ಲಿಕ್ಕೆ ಬಿಡುದಿಲ್ಲ, ಮೊಣಕಾಲು ನೀರಿನ ವರೆಗೆ ಮಾತ್ರ. ಪಾರ್ಕಿನ ಟಿಕೆಟ್ ವಿದೇಶಿಯರಿಗೆ 400 ಬಾತ್, ಮಕ್ಕಳಿಗೆ 200. ಹೋಗುದಾದ್ರೆ ಬೆಳಿಗ್ಗೆ ಮೊದಲ ಬೋಟಿನಲ್ಲಿ. ಒಂದೇ ದಿನದಲ್ಲಿ ಏಳು ದ್ವೀಪ ಅನ್ನುವ ಪ್ಯಾಕೇಜಿನಲ್ಲಿ ಬೋಟಿಗೆ ಹತ್ತುದು ಇಳಿಯುದರಲ್ಲೇ ದಿನ ಮುಗೀತದೆ. ಅದರ ಬದಲು ನಾಲ್ಕೈದು ಜನ ಸೇರಿ ಒಂದು ಲಾಂಗ್‌ಟೇಲ್ ಬಾಡಿಗೆಗೆ ಹಿಡಿದು ಎರಡೇ ದ್ವೀಪಕ್ಕೆ ಹೋಗಿ.

ನಾವು ಶುದ್ಧ ಸಸ್ಯಾಹಾರಿ, ನೀರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಉಪವಾಸವಾ?

ಉಪವಾಸ ಬೇಡ ಅಕ್ಕ. ಆದ್ರೆ ಬರೀ ವೆಜ್ ಅಂತ ಹೇಳಿದ್ರೆ ತರಕಾರಿ ಹಾಕಿ ಮೇಲಿಂದ ಮೀನಿನ ಸಾಸ್ ಹೊಯ್ದು ಕೊಡ್ತಾರೆ, ಅವರ ಲೆಕ್ಕದಲ್ಲಿ ಅದು ಉಪ್ಪಿನ ಹಾಗೆ. ಕರಿಗಳ ಮಸಾಲೆಯಲ್ಲಿ ಸಿಗಡಿ ಅರೆದು ಹಾಕಿರ್ತಾರೆ. ನೀವು ಹೇಳ್ಬೇಕಾದ ಶಬ್ದ ಜೇ. ಗಂಡಸರು ಫೊಮ್ ಕಿನ್ ಜೇ, ಹೆಂಗಸರು ಚಾನ್ ಕಿನ್ ಜೇ. ಜೇ ಊಟದಲ್ಲಿ ಮೀನು ಮಾಂಸ ಮೊಟ್ಟೆ ಹಾಲು ಯಾವುದೂ ಇಲ್ಲ, ನೀರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಹವ್ಯಕ ಮನೆಯ ಶ್ರಾದ್ಧದ ಅಡಿಗೆಗಿಂತ ಕಟ್ಟುನಿಟ್ಟು, ಮಜ್ಜಿಗೆ ಕೂಡ ಸಿಗುದಿಲ್ಲ. ಜೇ ಅಂಗಡಿಗೆ ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಇರ್ತದೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ ಒಂಬತ್ತು ದಿನ ಜೇ ಹಬ್ಬ, ಹೆಚ್ಚಿನ ವರ್ಷ ನಮ್ಮ ನವರಾತ್ರಿಯ ದಿನಗಳಲ್ಲೇ ಬರುದು, ಆಗ ಬೀದಿಯಲ್ಲೆಲ್ಲ ಜೇ ಊಟ. ಮಳೆಗಾಲ ಅನ್ನುದೊಂದೇ ತೊಂದರೆ.

ಆವ್ ನಾಂಗಿನಲ್ಲಿ ಇಂಡಿಯನ್ ಹೋಟೆಲ್ ಬೇಕಾದಷ್ಟು ಉಂಟು, ರೇಟ್ ಜಾಸ್ತಿ, ರುಚಿ ಪಂಜಾಬಿ. ನಾನಾದ್ರೆ ಅವಲಕ್ಕಿ, ಉಪ್ಪಿನಕಾಯಿ, ಚಟ್ಣಿಪುಡಿ ಕಟ್ಟಿಕೊಂಡು ಹೋಗುದು. ಹಣ್ಣಿಗೆ ಬರ ಇಲ್ಲ, ಏಪ್ರಿಲಿನಲ್ಲಿ ಹೋದ್ರೆ ಮಾವಿನಹಣ್ಣು ಮತ್ತು ತೆಂಗಿನ ಹಾಲಿನ ಅಂಟು ಅನ್ನ ತಿನ್ನದೆ ಬರ್ಬೇಡಿ.

ಹಲಾಲ್ ಊಟ ಸಿಗ್ತದಾ?

ಧಾರಾಳ. ಆ ಕಡಲ ಕರೆಯಲ್ಲಿ ಮುಸ್ಲಿಮರು ತುಂಬಾ, ಆವ್ ನಾಂಗ್ ಹತ್ರವೇ ಮಸೀದಿ ಉಂಟು, ದೋಣಿಯವರಲ್ಲೂ ಹೆಚ್ಚಿನವರು ಅವರೇ. ಸಾಯಂಕಾಲ ಕೈಗಾಡಿಯಲ್ಲಿ ರೊಟ್ಟಿ ಬೀಸಿ ಬೀಸಿ ತೆಳು ಮಾಡಿ ಬಾಳೆಹಣ್ಣು ಮಡಚಿ ಕಾಯಿಸುದನ್ನು ನೋಡಿದ್ರೆ ಉಪ್ಪಳ ಪೇಟೆಯ ಪೊರೋಟ ಅಂಗಡಿ ನೆನಪಾಗ್ತದೆ.

ಅಮ್ಮನಿಗೆ ಗಂಟು ನೋವು, ಕರ್ಕೊಂಡು ಹೋಗ್ಬಹುದಾ?

ಹೋಗ್ಬಹುದು, ದೋಣಿ ಹತ್ತುದೊಂದೇ ಕಷ್ಟ. ಆವ್ ನಾಂಗ್ ಬೀಚಿನಿಂದ ಹತ್ತುವ ಬದಲು ಆವ್ ನಾಮ್ ಮಾವ್ ಜೆಟ್ಟಿಯಿಂದ ರಾಯ್ಲೇಯ ಮೂಡುಬದಿಗೆ ಹೋಗಿ, ಭರತದ ಹೊತ್ತು ನೋಡಿ ಹೊರಟ್ರೆ ನೀರಿಗೆ ಇಳಿಯುದು ತಪ್ತದೆ. ಕ್ರಾಬಿ ಟೌನ್ ಹತ್ರದ ಹುಲಿ ಗುಹೆ ದೇವಸ್ಥಾನದ ಬೆಟ್ಟಕ್ಕೆ 1200ಕ್ಕೂ ಹೆಚ್ಚು ಮೆಟ್ಟಿಲು, ಕೆಲವು ಮೆಟ್ಟಿಲು ಮೊಣಕಾಲು ಎತ್ತರ, ಅಮ್ಮನನ್ನು ಕೆಳಗಿನ ಗುಡಿಯಲ್ಲೇ ಕೂರಿಸಿ. ನೀವು ಹತ್ತುದಾದ್ರೆ ಬೆಳಿಗ್ಗೆ ಆರಕ್ಕೆ, ಹೆಗಲು ಮೊಣಕಾಲು ಮುಚ್ಚುವ ಬಟ್ಟೆ, ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ ಬೇಡ, ಮಂಗ ಎಳೀತದೆ.

ಸ್ಕೂಟರ್ ಬಾಡಿಗೆಗೆ ತೆಗೊಳ್ಬಹುದಾ?

ಅಲ್ಲಿಯೂ ಎಡಬದಿಯಲ್ಲೇ ಓಡ್ಸುದು, ರಸ್ತೆ ನಮ್ಮದಕ್ಕಿಂತ ಒಳ್ಳೆದು. ಆದ್ರೆ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು, ಅದು ಇಲ್ಲಿನ ಆರ್‌ಟಿಓದಲ್ಲಿ ಹೊರಡುವ ಮೊದಲೇ ಮಾಡಿಸುದು. ಅದಿಲ್ಲದೆ ಬಿದ್ರೆ ಇನ್ಶೂರೆನ್ಸಿನವ ಒಂದು ಪೈಸೆ ಕೊಡುದಿಲ್ಲ. ಹೆಲ್ಮೆಟ್ ಹಾಕಿ. ಪಾಸ್‌ಪೋರ್ಟ್ ಅಡವು ಇಡ್ಲಿಕ್ಕೆ ಕೇಳ್ತಾರೆ, ಕೊಡ್ಬೇಡಿ, ಫೋಟೋಕಾಪಿ ಮತ್ತು ಡೆಪಾಸಿಟ್ ದುಡ್ಡಿಗೆ ಒಪ್ಪುವ ಅಂಗಡಿ ಹುಡುಕಿ. ಹಳೆ ಗೀರು ಇದ್ರೆ ತೆಗೊಳ್ಳುವಾಗಲೇ ವಿಡಿಯೋ ಮಾಡಿ.

ಹೆದರ್ಬೇಕಾದ್ದು ಏನಾದ್ರೂ ಉಂಟಾ?

ಮಂಗ ಕಚ್ಚಿದ್ರೆ ಅದೇ ದಿನ ಆಸ್ಪತ್ರೆ, ರೇಬಿಸ್ ಚುಚ್ಚುಮದ್ದು, ನಾಳೆ ನೋಡುವ ಅಂತ ಬೇಡ. ಬೀಚಿನಲ್ಲಿ ಕಂಬಕ್ಕೆ ವಿನೆಗರ್ ಬಾಟ್ಲಿ ಇಟ್ಟಿರುದು ಬಾಕ್ಸ್ ಜೆಲ್ಲಿಮೀನು ಕುಟುಕಿದ್ರೆ ಹೊಯ್ಲಿಕ್ಕೆ, ಉಜ್ಜಬಾರದು, ಸಿಹಿನೀರು ಹಾಕ್ಬಾರದು. ಕೆಂಪು ಬಾವುಟ ಇದ್ರೆ ನೀರಿಗೆ ಇಳಿಬಾರದು. 2004ರ ಡಿಸೆಂಬರ್ 26ರ ಸುನಾಮಿಗೆ ಫೀ ಫೀ ದ್ವೀಪದಲ್ಲಿ ತುಂಬಾ ಜನ ಸತ್ರು, ಈಗ ಓಡುವ ದಾರಿಗೆ ನೀಲಿ ಬೋರ್ಡ್ ಹಾಕಿದ್ದಾರೆ, ಹೋಟೆಲಿಗೆ ಹೋದ ದಿನ ಅದು ಯಾವ ಕಡೆ ತೋರಿಸ್ತದೆ ಅಂತ ಒಂದು ಸಲ ನೋಡಿಟ್ಕೊಳ್ಳಿ. ಹುಡುಗರಿಗೆ ಒಂದು ಮಾತು, ವೇಪ್ ಅಲ್ಲಿ ಕಾನೂನಿಗೆ ವಿರುದ್ಧ. ಗಾಂಜಾ ಅಂಗಡಿ ಕಣ್ಣಿಗೆ ಬಿದ್ರೂ ತಲೆ ಹಾಕ್ಬೇಡಿ, ಅದನ್ನು ತಂದು ಇಲ್ಲಿನ ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ಬರ್ತಾನೇ ಇರ್ತದೆ.

ದುಡ್ಡು?

ಒಂದು ಬಾತ್ ಅಂದ್ರೆ ಎರಡೂವರೆ ಮೂರು ರೂಪಾಯಿ ಆಸುಪಾಸು, ಏರಿಳಿತ ಉಂಟು. ಗೂಗಲ್ ಪೇ ಅಂತ ಕೈ ಬೀಸಿ ಹೋಗ್ಬೇಡಿ, ದೋಣಿಗೆ, ಪಾರ್ಕಿಗೆ, ಬೀದಿ ಊಟಕ್ಕೆ ನೋಟೇ ಬೇಕು. ಎಟಿಎಮ್ಮಿನಲ್ಲಿ ಪ್ರತಿ ಸಲಕ್ಕೂ 200 ಬಾತಿಗಿಂತ ಜಾಸ್ತಿ ಚಾರ್ಜ್ ಹಿಡೀತಾರೆ, ತೆಗೆಯುದಾದ್ರೆ ಒಟ್ಟಿಗೆ ತೆಗಿರಿ.

ಶಂಖ, ಚಿಪ್ಪು, ಹವಳದ ತುಂಡು ತರ್ಬಹುದಾ?

ಇಲ್ಲ. ಪಾರ್ಕಿನಿಂದ ತೆಗೆಯುದು ಅಲ್ಲಿ ಅಪರಾಧ, ಹವಳ ಇಲ್ಲಿ ವನ್ಯಜೀವಿ ಕಾಯ್ದೆಗೆ ಬರ್ತದೆ. ಗೋಡಂಬಿ ತರ್ಬೇಡಿ, ನಮ್ಮಲ್ಲೇ ಉಂಟಲ್ಲ.

ಮಳೆ ಬಂದು ಬೋಟ್ ನಿಂತ್ರೆ ಎಂತ ಮಾಡುದು?

ಒಳನಾಡಿಗೆ ಹೋಗಿ. ದಾರಿ ಉದ್ದಕ್ಕೂ ರಬ್ಬರ್ ಮತ್ತು ತಾಳೆ ತೋಟ, ಥಾಯ್ಲೆಂಡಿನಲ್ಲಿ ಎಣ್ಣೆತಾಳೆಗೆ ಕ್ರಾಬಿ ದೊಡ್ಡ ಹೆಸರು. ತೋಟದವರಿಗೆ ಕಾರು ನಿಲ್ಲಿಸಿ ಗೊನೆ ನೋಡದೆ ಮನಸ್ಸು ಕೇಳುದಿಲ್ಲ, ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐ ಇರುವ ಊರಿನವರು ನಾವು, ಹಾಗೆ ಆಗುದು ಸಹಜ. ಖ್ಲೋಂಗ್ ತೋಮ್ ಅನ್ನುವಲ್ಲಿ ಕಾಡಿನೊಳಗೆ ಬಿಸಿನೀರಿನ ಝರಿ, ಸುಮಾರು 40 ಡಿಗ್ರಿ, ಕಲ್ಲಿನ ತೊಟ್ಟಿಗಳ ಹಾಗೆ ತಾನೇ ಆದ ಗುಂಡಿಗಳಲ್ಲಿ ಕೂತ್ರೆ ಮಳೆ ತಲೆ ಮೇಲೆ ತಣ್ಣಗೆ, ಕೆಳಗೆ ಬಿಸಿ, ಗಂಟು ನೋವಿನ ಅಮ್ಮಂದಿರಿಗೆ ಬಾರೀ ಖುಷಿ. ಹತ್ರದಲ್ಲೇ ಪಚ್ಚೆ ಕೊಳ, ಅದರಲ್ಲಿ ಈಜ್ಬಹುದು, ಅದರಿಂದ ಮೇಲೆ ಇರುವ ನೀಲಿ ಕೊಳದಲ್ಲಿ ಇಳಿಲಿಕ್ಕೆ ಬಿಡುದಿಲ್ಲ. ಆವ್ ನಾಂಗಿನಿಂದ ಒಂದು ಗಂಟೆಗಿಂತ ಜಾಸ್ತಿ ದಾರಿ, ಒಂಬತ್ತರ ಒಳಗೆ ಮುಟ್ಟಿದ್ರೆ ಟೂರ್ ಬಸ್ಸುಗಳು ಬರುವ ಮೊದಲು ಮುಗಿಸಿ ಬರ್ಬಹುದು. ಎರಡು ಜಾಗಕ್ಕೂ ಬೇರೆ ಬೇರೆ ಟಿಕೆಟ್, ಚಿಲ್ಲರೆ ಇಟ್ಕೊಂಡು ಹೋಗಿ.